ಕಾಕು ಕೇಳಿದ ಟೊಳ್ಳು ಅಚ್ಚು

ಒಂದು ಚೀಲ ಪ್ಲಾಸ್ಟರಿಗೆ ಅಂಗಡಿಯವನು ಮುನ್ನೂರು ಹೇಳಿದ, ಇನ್ನೂರೆಪ್ಪತ್ತಕ್ಕೆ ಇಳಿಸಿ ತಂದೆ. ಹಿಂದಿನ ಕೋಣೆಯ ಗೋಡೆ ಬಿರುಕು ಬಿಟ್ಟಿತ್ತು. ಬಿರುಕು ಕಂಡರೆ ಬಂದವರು ಬಾಡಿಗೆ ಇಳಿಸುತ್ತಾರೆ. ಮೇಸ್ತ್ರಿ ನೀರು ಹಾಕಿ ಕಲಸಿದ. ಆ ಹಸಿ ವಾಸನೆಗೆ ಪಕ್ಕದ ಮನೆಯಲ್ಲಿದ್ದ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಕಾಕು ನೆನಪಾದರು…

ಮೈಲೂರಿನ ಇದೇ ಕೋಣೆಗಳನ್ನು ಕೆಲವು ವರ್ಷಗಳ ಹಿಂದೆ ಕಲಾವಿದರ ವಸತಿ ಶಿಬಿರಕ್ಕೆ ಕೊಟ್ಟಿದ್ದೆ. ಮುಂದಿನ ಕಾಲದಲ್ಲಿ ಮನುಷ್ಯರ ದೇಹ ಹೇಗಿರಬಹುದು, ಆಗಲೂ ನಾವು ನಾವೇ ಆಗಿರುತ್ತೇವೆಯೇ, ಇದು ಅವರ ವಿಷಯ. ನನಗೆ ಮುಂಗಡ ಸಿಕ್ಕಿತ್ತು, ಸಾಕು. ಅವರಲ್ಲೊಬ್ಬ ಹುಡುಗಿ ಓಣಿಯ ಹೆಂಗಸರ ಮೈಮೇಲೆ ಪ್ಲಾಸ್ಟರ್ ಪಟ್ಟಿ ಹಚ್ಚಿ ಅಚ್ಚು ತೆಗೆಯುತ್ತಿದ್ದಳು. ಅದರಲ್ಲಿ ಮೂರ್ತಿ ಮಾಡಿ, ಅವರು ಕೇಳಿದ್ದನ್ನು ಸೇರಿಸುತ್ತಿದ್ದಳು: ಒಬ್ಬರಿಗೆ ರೆಕ್ಕೆ, ಒಬ್ಬರಿಗೆ ಮೂರನೇ ಕೈ.

ಔರಾದ ಕಡೆಯ ನಮ್ಮ ಕಾಕು ಒಂದು ದಿನ ತಾವಾಗಿಯೇ ಬಂದು ಕೂತರು. ಮುಂದಿನ ವಾರ ಅವರ ಎಡ ಮೊಲೆ ತೆಗೆಯುವ ಆಪರೇಷನ್ ಇತ್ತು. ಹುಡುಗಿಗೆ ಅದು ಗೊತ್ತಿರಲಿಲ್ಲ.

"ನಿಮಗೇನು ಸೇರಿಸಲಿ ಆಂಟಿ?"

"ಇದ್ದದ್ರಾಗ ಒಂದ ಹೊಂಟದವ್ವಾ, ಡಾಕ್ಟರು ತೆಗಿತಾರ. ನೀ ಇನ್ನೊಂದ ಹಚ್ತೀಯೇನ?" ಎಂದು ಕಾಕು ನಕ್ಕರು. ಹುಡುಗಿಯ ಕಣ್ಣು ತುಂಬಿತು. "ಅಳಬ್ಯಾಡ, ಪಟ್ಟಿ ಒಣಗ್ತಾವ. ಮೂರ್ತಿ ನೀ ಒಯ್ಯಿ. ನನಗ ಟೊಳ್ಳ ಅಚ್ಚ ಬೇಕ."

ಅಚ್ಚೂ ಪ್ರದರ್ಶನಕ್ಕೆ ಬೇಕು ಎಂದಳು ಹುಡುಗಿ. ನಾನು ನಡುವೆ ಬಂದೆ. "ಪ್ಲಾಸ್ಟರ್ ನಿಮ್ಮದು, ಮೈ ಕಾಕುಂದು. ಅರ್ಧಾ ಅರ್ಧಾ ಹಂಚ್ಕೋರಿ." ಒಪ್ಪಿದಳು.

ಅಚ್ಚು ಯಾಕೆಂದು ಕಾಕು ಮೆಟ್ಟಿಲ ಮೇಲೆ ಹೇಳಿದರು. "ಭಾಲ್ಕ್ಯಾಗ ತಂಗಿ ಮಗಳ ಲಗ್ನ ಅದ. ಒಂದ ಕಡಿ ಸಪಾಟ ಹೋದ್ರ ಎಲ್ಲಾರ ಕಣ್ಣು ನನ್ನ ಕುಪ್ಪಸದ ಮ್ಯಾಲ. ಮದಿಮಗಳನ ಯಾರ ನೋಡ್ತಾರ?"

ಗಾಯ ಮಾಯ್ದ ಮೇಲೆ ಅಚ್ಚಿನ ಎಡ ತಗ್ಗಿಗೆ ಹಳೆಯ ಸೀರೆ ಹಾಸಿ, ಅರಳೆ ಒತ್ತಿ ತುಂಬಿ, ಹಗುರಾದರೆ ಸರಿದೀತೆಂದು ನಡುವೆ ಒಂದು ಹಿಡಿ ಸಾಸಿವೆ ಹಾಕಿ ಹೊಲಿದು, ಅದನ್ನು ಕುಪ್ಪಸದೊಳಗೆ ಇಟ್ಟುಕೊಂಡರು. ಲಗ್ನಕ್ಕೆ ಬಸ್ಸಿನಲ್ಲಿ ಇಬ್ಬರೂ ಹೋದೆವು. ಅವರ ನೆಗೆಣ್ಣಿ, ಗಂಡನ ತಮ್ಮನ ಹೆಂಡತಿ, ಮೇಲಿಂದ ಕೆಳಗೆ ನೋಡಿ, "ಆಪರೇಷನ್ ಖರೇನೋ, ಆಯೇರಿ ಉಡುಗರಿ ರೊಕ್ಕ ಉಳಸಾಕ ಸುಳ್ಳ ಹೇಳಿದ್ಯೋ?" ಎಂದಳು.

"ಸುಳ್ಳಂತ ತಿಳ್ಕೋ," ಎಂದರು ಕಾಕು. ಅವರ ಮುಖ ಅಷ್ಟು ಹಗುರಾದದ್ದನ್ನು ನಾನು ಮತ್ತೆ ನೋಡಲಿಲ್ಲ…

ರೋಗ ತಿರುಗಿ ಬಂತು. ಕಾಕು ತೀರಿಕೊಂಡ ದಿನ ಮೈ ತೊಳೆದು ಹೊಸ ಕುಪ್ಪಸ ತೊಡಿಸುವಾಗ ಅವರ ಸೊಸೆ ಆ ಅರಳೆಯ ಮೊಲೆಯನ್ನೂ ಒಳಗಿಟ್ಟು, ಸರಿಮಾಡಿ ಕಳಿಸಿದಳು.

ಈಗ ಪಕ್ಕದ ಮನೆಯಲ್ಲಿ ಬೇರೆಯವರಿದ್ದಾರೆ. ಪರಿಚಯ ಮಾಡಿಕೊಳ್ಳುವ ಉತ್ಸಾಹ ನನಗಿಲ್ಲ. ನಿಮಗೊಂದು ಮಾತು: ಮನೆಯಲ್ಲಿ ಯಾರಿಗಾದರೂ ಇಂಥ ಆಪರೇಷನ್ ಇದ್ದರೆ, ವಾಸಿಯಾದ ಮೇಲೆ ಮೊದಲು ಎಲ್ಲಿಗೆ ಹೋಗಬೇಕು, ಏನು ತೊಟ್ಟು ಹೋಗಬೇಕು ಎಂದು ಆಸ್ಪತ್ರೆಗೆ ಹೊರಡುವ ಮೊದಲೇ ಕೇಳಿರಿ. "ಏನೂ ಬ್ಯಾಡ" ಅನ್ನುತ್ತಾರೆ. ಇನ್ನೊಂದು ಸಲ ಕೇಳಿರಿ.