ಟೇಪು ತಣ್ಣಗಾಗುವ ತನಕ

ಹೋದ ವಾರ ಹಾಸನದಲ್ಲಿ ಗಾಡಿಯಿಂದ ಬಿದ್ದೆ. ಬಿದ್ದೆ ಅನ್ನುವುದು ಮರ್ಯಾದೆಯ ಮಾತು. ನಿಂತಿದ್ದ ಗಾಡಿಯ ಮೇಲೆ ಠೀವಿಯಿಂದ ಕೂತು, ಒಂದು ಕಾಲು ಊರುವುದನ್ನು ಮರೆತು, ಬೇಕರಿ ಮುಂದೆ ಟೀ ಕುಡಿಯುತ್ತಿದ್ದವರೆಲ್ಲ ನೋಡುತ್ತಿರುವಾಗಲೇ ನಿಧಾನವಾಗಿ, ತುಂಬ ನಿಧಾನವಾಗಿ, ಮಗುಚಿಕೊಂಡೆ. ಮೊಣಕೈ ತರಚಿತು. ಕ್ಲಿನಿಕ್ಕಿನಲ್ಲಿ ಟಿಟಿ ಇಂಜೆಕ್ಷನ್ ಕೊಡಲು ನರ್ಸಮ್ಮ ಹತ್ತಿಗೆ ಸ್ಪಿರಿಟ್ ಅದ್ದಿ ತೋಳಿಗೆ ಸವರಿದರು. ಸವರಿದ್ದೇ ತಡ, ನನ್ನ ಕಣ್ಣಲ್ಲಿ ನೀರು.

"ಇನ್ನೂ ಚುಚ್ಚೇ ಇಲ್ವಲ್ಲಪ್ಪಾ!" ಅಂದರು ನರ್ಸಮ್ಮ. ನನ್ನ ಹಿಂದೆ ಅಳುತ್ತಾ ಕೂತಿದ್ದ ಪುಟ್ಟ ಹುಡುಗಿ ನನ್ನನ್ನು ನೋಡಿ ಅಳು ನಿಲ್ಲಿಸಿ ನಕ್ಕಳು.

ಸೂಜಿಗಲ್ಲ ತಾಯಿ, ವಾಸನೆಗೆ ಅಂತ ಹೇಳಿದ್ದರೆ ಬೇರೆ ಡಾಕ್ಟರ ಹತ್ತಿರ ಕಳಿಸುತ್ತಿದ್ದರೇನೋ. ಆ ವಾಸನೆ ನನ್ನ ಪಾಲಿಗೆ ಆಸ್ಪತ್ರೆಯದಲ್ಲ. ಹೊಳೆನರಸೀಪುರದ ಒಂದು ಹೆಂಚಿನ ಮನೆಯದು. ಅಲ್ಲಿ ಒಬ್ಬರು ಹತ್ತಿಗೆ ಸ್ಪಿರಿಟ್ ಅದ್ದಿ, ಮಗುವಿನ ಕಿವಿ ಒರೆಸುವ ಹಾಗೆ, ಹಳೆಯ ಸ್ಪೂಲ್ ಟೇಪ್ ರೆಕಾರ್ಡರಿನಲ್ಲಿ ಟೇಪು ಉಜ್ಜಿಕೊಂಡು ಹೋಗುವ ಹೆಡ್ಡು ಒರೆಸುತ್ತಾ ಕೂತಿರುತ್ತಿದ್ದರು... ನಾವು ಅವರನ್ನು ಟೇಪಣ್ಣ ಅನ್ನುತ್ತಿದ್ದೆವು.

ನಾವು ಅಂದರೆ ಮೂರು ಜನರ ಬ್ಯಾಂಡು. ಹಾಸನದಿಂದ ನಾನು: ಗಿಟಾರು ಮತ್ತು ಗಂಟಲು. ಅರಕಲಗೂಡಿನಿಂದ ಡ್ರಮ್ಮರ್: ವಾರವಿಡೀ ಬೈಕ್ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚುವವನು. ಚನ್ನರಾಯಪಟ್ಟಣದಿಂದ ಬೇಸ್ ಗಿಟಾರಿನವನು: ಮೊಬೈಲ್ ಅಂಗಡಿಯಲ್ಲಿ ಕೆಲಸ, ಮಾತು ರೇಷನ್ನಿನಲ್ಲಿ ಬರುತ್ತದೆ ಅನ್ನುವ ಹಾಗೆ ಆಡುವವನು. ನಮ್ಮ ಹತ್ತಿರ ಒಂದೇ ಒಂದು ಸ್ವಂತ ಹಾಡಿತ್ತು. ಅದನ್ನು ಟೇಪಿನಲ್ಲೇ ರೆಕಾರ್ಡ್ ಮಾಡಬೇಕು, ಟೇಪಿನ ಸದ್ದು ಬೆಚ್ಚಗಿರುತ್ತದೆ ಅಂತ ನಾನು ಯಾವುದೋ ವಿಡಿಯೊ ನೋಡಿಕೊಂಡು ಬಂದು ಇಬ್ಬರ ತಲೆ ತಿಂದಿದ್ದೆ.

"ಸದ್ದು ಬೆಚ್ಗಿರೋದು ಅಂದ್ರೆ ಎಂಗ್ಲಾ?" ಅಂತ ಡ್ರಮ್ಮರ್ ಕೇಳಿದ್ದ.

"ಅದು ಹೇಳೋದಲ್ಲ ಕಣ್ಲಾ, ಕೇಳೋದು," ಅಂದಿದ್ದೆ, ಕಣ್ಣು ಅರ್ಧ ಮುಚ್ಚಿ. ನನಗೂ ಗೊತ್ತಿರಲಿಲ್ಲ.

ಟೇಪಣ್ಣನಿಗೆ ಐವತ್ತು ದಾಟಿತ್ತು. ಒಂದು ಕಾಲಕ್ಕೆ ಸುತ್ತಲಿನ ಭಜನೆ ಮಂಡಳಿಯವರು, ನಾಟಕದವರು, ಸೋಬಾನೆ ಹೇಳುವ ಹೆಂಗಸರು ಎಲ್ಲರೂ ಅವರ ಮನೆಗೇ ಬಂದು ಹಾಡಿ ಹೋಗುತ್ತಿದ್ದರಂತೆ. ಆಮೇಲೆ ಎಲ್ಲರ ಜೇಬಿಗೂ ಫೋನು ಬಂತು, ಮನೆಗೆ ಬರುವವರು ನಿಂತರು. ಮದುವೆಯಾಗಿರಲಿಲ್ಲ. ಚನ್ನರಾಯಪಟ್ಟಣದಲ್ಲಿದ್ದ ತಂಗಿ ಕರೆಯುತ್ತಲೇ ಇದ್ದರು, ಇವರು ಹೋಗುತ್ತಿರಲಿಲ್ಲ. ಮನೆಯಲ್ಲಿ ಇವರು, ಆ ಮೆಷೀನು, ಬೀರು ತುಂಬ ಟೇಪು. ಭಾನುವಾರ ನಾವು ಹೋದರೆ ಮನೆಯಲ್ಲಿ ಜನ. ನಾವು ಬಸ್ಸು ಹತ್ತಿದರೆ ಮತ್ತೆ ಭಾನುವಾರದವರೆಗೆ ಯಾರೂ ಇಲ್ಲ. ನಮ್ಮ ಹಾಡು ಬೇಗ ಮುಗಿಯುವುದು ಅವರಿಗೆ ಬೇಕಿರಲಿಲ್ಲ. ಇವತ್ತು ಬರೆಯುವಾಗ ಇದು ಎಷ್ಟು ಸಲೀಸಾಗಿ ಕಾಣುತ್ತದೆ! ಆಗ ನಾನು ಅವರ ಮನೆಯ ಕನ್ನಡಿಯಲ್ಲಿ, ಗಿಟಾರು ನೇತುಹಾಕಿಕೊಂಡ ನನ್ನನ್ನೇ ನೋಡುತ್ತಿದ್ದೆ.

ಅವರ ರೆಕಾರ್ಡಿಂಗಿನ ಕ್ರಮವೇ ಬೇರೆ. ನಡುಮನೆಯಲ್ಲಿ ಒಂದೇ ಮೈಕು. ಮೂವರೂ ಒಟ್ಟಿಗೆ, ಶುರುವಿನಿಂದ ಕೊನೆವರೆಗೆ ನುಡಿಸಬೇಕು. ಒಬ್ಬ ತಪ್ಪಿದರೂ ಮೂವರೂ ಮತ್ತೆ ಮೊದಲಿಂದ. ಯಾರ ಸದ್ದು ಎಷ್ಟಿರಬೇಕು ಅನ್ನುವುದಕ್ಕೆ ತಿರುಗಿಸುವ ಗುಂಡಿಯೇನೂ ಇಲ್ಲ, ನಮ್ಮನ್ನೇ ಎತ್ತಿ ಬೇರೆ ಕಡೆ ಇಡುವುದು. ಡ್ರಮ್ಮನ್ನು ಅಡುಗೆಮನೆ ಬಾಗಿಲಿಗೆ ಸರಿಸಿದರು. ಬೇಸಿನವನನ್ನು ಮೈಕಿನ ಪಕ್ಕಕ್ಕೆ ಎಳೆದರು. ಹಾಡುವವನು ನಾನು, ಮೈಕಿನ ಮುಂದೆ ನಿಲ್ಲುವುದು ನನ್ನ ಜನ್ಮಸಿದ್ಧ ಹಕ್ಕು ಅಂದುಕೊಂಡಿದ್ದೆ. ಮೊದಲ ವಾರ ಮೈಕಿನ ಮುಂದೆಯೇ ನಿಂತೆ. ಎರಡನೆಯ ವಾರ ಬೀರುವಿನ ಹಿಂದೆ. ಅದರ ಮುಂದಿನ ವಾರ ಜಗಲಿ. ಆಮೇಲೆ ಹಿತ್ತಲಿನ ನುಗ್ಗೆಮರದ ಕೆಳಗೆ, ಒಗೆಯುವ ಕಲ್ಲಿನ ಪಕ್ಕ. ಇನ್ನೊಂದಷ್ಟು ವಾರ ಹೋಗಿದ್ದರೆ ಹೇಮಾವತಿ ಹೊಳೆಯ ಆಚೆ ದಡದಲ್ಲಿ ನಿಲ್ಲಿಸಿಬಿಡುತ್ತಿದ್ದರು.

"ಅಣ್ಣ, ಇಲ್ಲಿಂದ ನನ್ ದನಿ ಕೇಳ್ತದಾ?" ಅಂತ ಹಿತ್ತಲಿಂದ ಕೂಗಿದೆ.

"ಭೇಷಾಗ್ ಕೇಳ್ತದೆ ಕಣಪ್ಪಾ. ದೂರ ಓದಂಗೆಲ್ಲಾ ನೀನು ಚೆಂದಾಗಿ ಆಡ್ತೀಯ!"

ಡ್ರಮ್ಮರ್ ನಕ್ಕು ನಕ್ಕು ಕೋಲು ಬೀಳಿಸಿದ. ಬೇಸಿನವನು ಕೂಡ ನಕ್ಕ, ಅದು ಆ ತಿಂಗಳ ರೇಷನ್ನು.

ನನ್ನ ತಪ್ಪುಗಳೇ ಒಂದು ಭಾರ ಇದ್ದವು. ನಾನೇ ಬರೆದ ಸಾಲು ನನಗೇ ಮರೆತುಹೋಗುತ್ತಿತ್ತು. ಒಮ್ಮೆ ಹಾಡು ಚೆನ್ನಾಗಿ ಸಾಗಿ, ಕೊನೆಯ ಸಾಲಿನಲ್ಲಿ ದನಿ ಎತ್ತಿ ಎಳೆದೆ. ಪಕ್ಕದ ಮನೆಯ ನಾಯಿ ಅದೇ ಶ್ರುತಿ ಹಿಡಿದು ನನಗಿಂತ ಉದ್ದ ಎಳೆಯಿತು. ಪಕ್ಕದ ಮನೆ ಅಜ್ಜಿ ಗೋಡೆಯ ಮೇಲಿಂದ ಇಣುಕಿ, "ಯಾರಿಗ್ ಏನಾಯ್ತಪ್ಪಾ?" ಅಂತ ಕೇಳಿದರು.

ಆದರೆ ನಾವು ತಪ್ಪದ ದಿನ ಮೆಷೀನು ತಪ್ಪುತ್ತಿತ್ತು. ಹೆಡ್ಡು ಕೊಳೆಯಾಗೈತೆ. ಬೆಲ್ಟು ಜಾರ್ತಾ ಐತೆ. ಕರೆಂಟು ಸರಿಯಾಗಿ ಬತ್ತಿಲ್ಲ. ಏನೂ ಸಿಗದಿದ್ದರೆ, "ಟೇಪು ಬಿಸಿ ಆಗ್ಬುಟ್ಟೈತೆ ಕಣ್ರಲಾ. ತಣ್ಗಾಗ್ಲಿ. ಅಷ್ಟ್ರಲ್ಲಿ ಉಣ್ರಿ." ಅಷ್ಟರಲ್ಲಿ ಅಡುಗೆಮನೆಯಿಂದ ಹಿಟ್ಟಿನ ಕೋಲಿನಲ್ಲಿ ಮುದ್ದೆ ತೊಳಸುವ ಸದ್ದು. ನೆಲದ ಮೇಲೆ ನಾಲ್ಕು ತಟ್ಟೆ. ನಾವು ಉಣ್ಣುತ್ತಾ ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಿದ್ದೆವು. ಅವರು ಸಾರಿನ ಸೌಟು ಹಿಡಿದು ಓಡಾಡುತ್ತಿದ್ದರು. ಅವರ ತಟ್ಟೆ ಯಾವಾಗಲೂ ಕೊನೆಗೆ ತುಂಬುತ್ತಿತ್ತು.

ಒಂದು ಭಾನುವಾರ ಹಾಡು ಕೂಡಿಬಂತು. ಹೇಗೆಂದು ಗೊತ್ತಿಲ್ಲ... ನನ್ನ ಸಾಲು ಮರೆಯಲಿಲ್ಲ, ನಾಯಿ ಮಲಗಿತ್ತು. ಕೊನೆಯ ಪೆಟ್ಟು ಬಿದ್ದ ಮೇಲೆ ಮೂವರೂ ಉಸಿರು ಬಿಗಿ ಹಿಡಿದು ನಿಂತೆವು. ಟೇಪಣ್ಣ ಹೆಡ್‌ಫೋನು ಹಾಕಿಕೊಂಡು ಪೂರ್ತಿ ಕೇಳಿದರು. ಆಮೇಲೆ, "ಸ್ಪೀಡು ಏರುಪೇರಾಗೈತೆ. ಬರೋ ವಾರ ನೋಡವಾ," ಅಂದರು.

ನನಗೆ ಸಾಕಾಗಿತ್ತು. ಊಟಕ್ಕೆ ಕೂತಾಗ ಹೇಳಿಬಿಟ್ಟೆ: ನನ್ನ ಹತ್ತಿರ ಈಗ ಲ್ಯಾಪ್‌ಟಾಪ್ ಇದೆ, ಒಳ್ಳೆಯ ಮೈಕೂ ಬಂದಿದೆ, ಇನ್ನು ಅದರಲ್ಲೇ ಮಾಡುತ್ತೇವೆ.

ಟೇಪಣ್ಣ ಸೌಟು ಹಿಡಿದೇ ನಿಂತರು. "ಅದ್ರಾಗೆ ಎಂಗೆ? ಎಲ್ರೂ ನಿಮ್ಮನೇಲಿ ಸೇರ್ತೀರಾ?"

"ಸೇರೋದೇ ಬೇಡ ಅಣ್ಣ. ಅವನು ಅರಕಲಗೂಡಲ್ಲೇ ಡ್ರಮ್ಸ್ ಬಾರ್ಸಿ ಕಳಿಸ್ತಾನೆ. ಇವನು ಚನ್ರಾಯಪಟ್ಣದಿಂದ ಬೇಸ್ ಕಳಿಸ್ತಾನೆ. ನಾನು ಅದರ್ ಮೇಲೆ ಹಾಡ್ಕೊಂತೀನಿ."

"ತಪ್ಪೋದ್ರೆ?"

"ಅಳಿಸಿ ಮತ್ತೆ ಹಾಡೋದು. ನೂರ್ ಸಲ ಬೇಕಾದ್ರೂ."

"ನೂರ್ ಸಲನೂ ಒಬ್ನೇನಾ?" ಅಂದರು.

ನಾನು ಅದನ್ನು ತಮಾಷೆ ಅಂದುಕೊಂಡು ನಕ್ಕೆ. ಅವರೂ ನಕ್ಕರು. ಅವತ್ತು ಬಸ್‌ಸ್ಟ್ಯಾಂಡಿನವರೆಗೂ ನಮ್ಮ ಜೊತೆ ನಡೆದು ಬಂದರು. ಡ್ರಮ್ಮಿನ ಒಂದು ಚೀಲ ಅವರೇ ಹೊತ್ತಿದ್ದರು.

ಲ್ಯಾಪ್‌ಟಾಪಿನಲ್ಲಿ ಹಾಡು ಮುಗಿಯಿತು. ಹೊರಗಿನ ಸದ್ದು ಬರಬಾರದೆಂದು ಬಟ್ಟೆಯ ಬೀರುವಿನೊಳಗೆ ತಲೆ ತೂರಿಸಿ, ಮೇಲೆ ಕಂಬಳಿ ಹೊದ್ದು, ಒಂದೊಂದೇ ಸಾಲು ಹಾಡಿದೆ. ಅಮ್ಮ ಇಸ್ತ್ರಿ ಬಟ್ಟೆ ಇಡಲು ಬಂದು ಕಿರುಚಿಕೊಂಡರು, ಆ ಸಾಲು ಮತ್ತೆ ಹಾಡಬೇಕಾಯಿತು. ಜಾರಿದ ಸ್ವರಗಳನ್ನು ಕಂಪ್ಯೂಟರೇ ಕಿವಿ ಹಿಡಿದು ಸರಿಯಾದ ಜಾಗದಲ್ಲಿ ಕೂರಿಸಿತು. ಸುಳ್ಳು ಯಾಕೆ, ಹುಟ್ಟಿದಾಗಿನಿಂದ ಮೊದಲ ಸಲ ನಾನು ಶ್ರುತಿಯಲ್ಲಿದ್ದೆ. ಅಮ್ಮನಿಗೆ ಕೇಳಿಸಿದೆ.

"ಚೆನ್ನಾಗ್ ಹಾಡವ್ನೆ. ಯಾರೋ ಇದು?" ಅಂದರು.

ಹಾಡನ್ನು ಎಲ್ಲರಿಗೂ ಸಿಗುವ ಹಾಗೆ ನೆಟ್ಟಿಗೆ ಹಾಕಿದೆವು. ಕೇಳಿದವರಲ್ಲಿ ಅರ್ಧ ಜನ ನಾನೇ. ಟೇಪಣ್ಣನಿಗೂ ಲಿಂಕ್ ಕಳಿಸಿದೆ, ಹೆಬ್ಬೆರಳು ಎತ್ತಿದ ಒಂದು ಗುರುತು ಬಂತು. ಆಮೇಲೆ ಎರಡನೆಯ ಹಾಡು, ಮೂರನೆಯ ಹಾಡು, ಎಲ್ಲವೂ ಫೈಲುಗಳಲ್ಲೇ ಬಂದು ಫೈಲುಗಳಲ್ಲೇ ಹೋದವು. ಒಂದು ವರ್ಷದ ಮೇಲಾಯಿತು, ನಾವು ಮೂವರು ಒಂದು ಕಡೆ ಸೇರಲೇ ಇಲ್ಲ. ಸೇರುವ ಅಗತ್ಯವೇ ಬರಲಿಲ್ಲ...

ಸೇರಿದ್ದು ಟೇಪಣ್ಣನ ತಿಥಿಯ ದಿನ. ಒಂದು ದಿನ ಬೆಳಗಿನ ಹೊತ್ತು ಪಕ್ಕದ ಮನೆ ಅಜ್ಜಿಯ ಹತ್ತಿರ ಎದೆ ನೋವು ಅಂದರಂತೆ, ಅಷ್ಟೇ. ಅವರ ಫೋನಿನಲ್ಲಿ 'ಬ್ಯಾಂಡ್ ಹುಡುಗ' ಅಂತ ನನ್ನ ನಂಬರು ಇತ್ತು. ಅವರ ತಂಗಿ ಅದಕ್ಕೆ ಫೋನ್ ಮಾಡಿದ್ದರು.

ಊಟದ ಮೇಲೆ ಜಗಲಿಯಲ್ಲಿ ಮೂವರೂ ಕೂತಿದ್ದೆವು. ಪಕ್ಕದ ಮನೆ ಅಜ್ಜಿ ಬಂದು ನನ್ನ ಗಲ್ಲ ಹಿಡಿದರು.

"ಕೊನೇಗಂಟ ನೀವಾದ್ರೂ ಬತ್ತಿದ್ರಲ್ಲ, ಅಷ್ಟೇ ಸಮಾಧಾನ ಕಣಪ್ಪಾ. ಓದ್ ತಿಂಗ್ಳೂ ಭಾನ್ವಾರ ಬಂದು ಉಂಡ್ಕೊಂಡ್ ಓದ್ರಿ."

"ಇಲ್ಲ ಅಜ್ಜಿ, ನಾವು ಬಂದಿರ್ಲಿಲ್ಲ."

"ಏ, ನಂಗ್ ಕಿವಿ ಕೇಳಲ್ವಾ? ಗ್ವಾಡೆ ಪಕ್ದಾಗೇ ಇವ್ನಿ. ಭಾನ್ವಾರ ಭಾನ್ವಾರ ಕೇಳಿವ್ನಿ. ನೀ ಅರಚೋದು, ಇವ್ರು ನಗೋದು. ತಟ್ಟೆ ಸದ್ದು."

ಡ್ರಮ್ಮರ್ ಎದ್ದು ಒಳಗೆ ಹೋದ. ಮೆಷೀನಿನ ಮೇಲೆ ಟೇಪು ಸುತ್ತಿದ ಹಾಗೇ ಇತ್ತು. ಅವನು ಸ್ವಿಚ್ಚು ಹಾಕಿದ. ನಮ್ಮ ಹಾಡು ಬಂತು, ಆ ಕೂಡಿಬಂದ ದಿನದ್ದು. ಸ್ಪೀಡು ಎಲ್ಲೂ ಏರಿಲ್ಲ, ಇಳಿದಿಲ್ಲ. ಹಾಡು ಮುಗಿಯಿತು, ಟೇಪು ನಿಲ್ಲಲಿಲ್ಲ. ತಟ್ಟೆ ಇಡುವ ಸದ್ದು. ಡ್ರಮ್ಮರ್ ನನ್ನನ್ನು ನಾಯಿಯ ಶಿಷ್ಯ ಅನ್ನುವುದು. ನಾನು ಬೈಯುವುದು. ಎಲ್ಲರ ನಗು. ನನ್ನ ಲ್ಯಾಪ್‌ಟಾಪಿನ ಮಾತೂ ಸೇರಿ ಪೂರ್ತಿ ಊಟ ಅದರಲ್ಲಿತ್ತು. ಹಾಡು ಕೇಳಿ ಮುಗಿಸಿದ ಮೇಲೆ, ನಾವು ಉಣ್ಣಲು ಕೂತಾಗ, ಅವರು ಮತ್ತೆ ರೆಕಾರ್ಡಿಂಗ್ ಒತ್ತಿಬಿಟ್ಟಿದ್ದರು. ನಾವು ಬರದ ಭಾನುವಾರಗಳಲ್ಲಿ ಅದನ್ನು ಹಾಕಿಕೊಂಡು ಉಣ್ಣುತ್ತಿದ್ದರು.

"ಮೆಷೀನು ಚೆನ್ನಾಗೇ ಇತ್ತು ಕಣ್ಲಾ," ಅಂದ ಡ್ರಮ್ಮರ್. "ಅಣ್ಣ ಮುದ್ದೆ ತೊಳಸ್ತಿದ್ದಾಗ ಮುಚ್ಚಳ ಬಿಚ್ಚಿ ನೋಡಿದ್ದೆ. ಬೆಲ್ಟು ಗಿಲ್ಟು ಎಲ್ಲಾ ಹೊಸದ್ರಂಗಿತ್ತು."

"ಮತ್ ಯಾಕ್ಲಾ ಹೇಳ್ಲಿಲ್ಲ?"

ಅವನು ಟೇಪಿನ ಚಕ್ರ ತಿರುಗುವುದನ್ನೇ ನೋಡುತ್ತಿದ್ದ. "ಮುದ್ದೆ ಚೆನ್ನಾಗಿರ್ತಿತ್ತಲ್ಲಾ," ಅಂದ.

ಬೇಸಿನವನು ಎದ್ದು ಹಿತ್ತಲಿಗೆ ಹೋದ. ಅವನು ವಾಪಸು ಬರುವುದು ಬಹಳ ಹೊತ್ತಾಯಿತು.

ಮೆಷೀನನ್ನೂ ಟೇಪುಗಳನ್ನೂ ತಂಗಿಯವರು ನಮಗೇ ಕೊಟ್ಟರು. ಈಗ ಅದು ಹಾಸನದಲ್ಲಿ ನನ್ನ ಕೋಣೆಯಲ್ಲಿದೆ. ತಿಂಗಳಿಗೊಮ್ಮೆಯಾದರೂ ಸೇರಲೇಬೇಕು ಅಂತ ಮೂವರೂ ಅವತ್ತು ಹೇಳಿಕೊಂಡೆವು. ಒಮ್ಮೆ ಅವನಿಗೆ ಗ್ಯಾರೇಜು, ಒಮ್ಮೆ ಇವನಿಗೆ ಅಂಗಡಿ, ಒಮ್ಮೆ ನನ್ನ ಸೋಮಾರಿತನ. ಹೊಸ ಹಾಡಿನ ಡ್ರಮ್ಸ್ ಫೈಲು ನಿನ್ನೆ ಬಂದಿದೆ, ಬೇಸು ಇವತ್ತು ಬರಬಹುದು.

ಇವತ್ತು ಭಾನುವಾರ. ಅಮ್ಮ ಚಿಕ್ಕಮ್ಮನ ಊರಿಗೆ ಹೋಗಿದ್ದಾರೆ. ಚಿತ್ರಾನ್ನ ಕಲಸಿಕೊಂಡು ನೆಲದ ಮೇಲೆ ಕೂತು ಆ ಟೇಪು ಹಾಕಿದೆ. ಅದರಲ್ಲಿ ಟೇಪಣ್ಣನ ದನಿ ಬಹಳ ಕಮ್ಮಿ. ನಮ್ಮ ಗಲಾಟೆಯ ನಡುವೆ ಹೆಜ್ಜೆಯ ಸದ್ದು ಹತ್ತಿರ ಬರುತ್ತದೆ, ದೂರ ಹೋಗುತ್ತದೆ. ಒಂದು ಕಡೆ ಮಾತ್ರ ಮೈಕಿನ ಪಕ್ಕದಲ್ಲೇ, ಕಿವಿಯಲ್ಲಿ ಹೇಳಿದ ಹಾಗೆ ಕೇಳಿಸುತ್ತದೆ.

"ಇನ್ನರ್ಧ ಮುದ್ದೆ ಇಕ್ಲಾ?"

ಟೇಪಿನೊಳಗಿನ ನಾನು ಬಾಯಿ ತುಂಬ ಇಟ್ಟುಕೊಂಡು, ಅವರ ಕಡೆ ತಿರುಗದೆಯೇ ಅನ್ನುತ್ತೇನೆ: "ಸಾಕಣ್ಣ, ಹೊಟ್ಟೆ ತುಂಬ್ತು."

ಟೇಪು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆ. ಅವರು ಮತ್ತೆ ಕೇಳಿದರು. "ಇಕ್ಕಣ್ಣ," ಅಂದೆ. ಅಷ್ಟರಲ್ಲಿ ಆ ಹುಡುಗ ಸಾಕು ಅಂದಾಗಿತ್ತು.