ಅರ್ಧ ದಿನದ ಹಾಜರಿ

ಸಂಕ್ರಾಂತಿಯ ಮರುದಿನ ನಮ್ಮ ಶಾಲೆಯ ಕಟ್ಟೆಯ ಮೇಲೆ ಐದು ಮಂದಿ ಕೂತಿದ್ದೆವು: ಹೆಡ್ ಮಾಸ್ತರರು, ನಾಲ್ಕನೆಯ ತರಗತಿಯ ಮಾಸ್ತರನಾದ ನಾನು, ನನ್ನ ವಿದ್ಯಾರ್ಥಿನಿ ಶರಣಮ್ಮ, ಅವಳ ತಾಯಿ ಕಾಶಮ್ಮ, ಮತ್ತು ರಜೆಗೆಂದು ಹುಮನಾಬಾದಿಗೆ ಬಂದಿದ್ದ ಹೆಡ್ ಮಾಸ್ತರರ ತಂಗಿಯ ಮಗಳು ಸುಮಿತ್ರಾ. ಈಕೆ ಮೈಸೂರಿನಲ್ಲಿ, ಮಾತು ತಡವರಿಸುವ ಮಕ್ಕಳಿಗೆ ಮಾತು ಕಲಿಸುವ ವಿದ್ಯೆ ಓದುತ್ತಿದ್ದಳು.

"ಮಾತಾಡೂದು ಕಲೀಲಿಕ್ಕ ಮೈಸೂರತನಕ ಹೋಗಬೇಕೇನವ್ವಾ? ನಮ್ಮ ಓಣಿ ಹೆಣ್ಮಕ್ಕಳು ಪುಕ್ಕಟೆ ಕಲಸ್ತಿದ್ರಲ್ಲ!" ಎಂದು ಹೆಡ್ ಮಾಸ್ತರರು ನಕ್ಕರು. ಕಾಶಮ್ಮ ನಗಲಿಲ್ಲ. ಮಗಳ ಕಡೆ ಕೈಮಾಡಿ, "ಇಕಿ ಹೆಸರು ಹಾಜರಿ ಪುಸ್ತಕದಾಗ ಕಡದು ಬಿಡ್ರಿ, ಮಾಸ್ತರ. ದಿಮಾಗೇ ಹೋಗ್ಯಾದ. ಹೊಲಕ್ಕರ ಬರ್ಲಿ" ಎಂದಳು.

ಮೂರು ವಾರದ ಹಿಂದೆ ಶರಣಮ್ಮ ತೊಗರಿ ಹೇರಿದ ಬಂಡಿಯಿಂದ ಹಿಮ್ಮುಖವಾಗಿ ಬಿದ್ದಿದ್ದಳು. ತಲೆಯ ಹಿಂಭಾಗ ಕಲ್ಲಿಗೆ ಬಡಿದಿತ್ತು. ರಕ್ತ ಬರಲಿಲ್ಲವಾದ್ದರಿಂದ ಯಾರೂ ಅದನ್ನು ಪೆಟ್ಟೆಂದು ಎಣಿಸಲಿಲ್ಲ. ಉಳ್ಳಾಗಡ್ಡಿ ಮೂಸಿಸಿ ಎಬ್ಬಿಸಿ, ಮರುದಿನವೇ ಶಾಲೆಗೆ ಅಟ್ಟಿದರು. ನಮ್ಮಲ್ಲಿ ಸಂಜೆಯ ಮಗ್ಗಿಯೆಂದರೆ ಚಾವಡಿಯವರೆಗೂ ಕೇಳಬೇಕು. ಗದ್ದಲವಿದ್ದರೆ ಮಾಸ್ತರರು ಎಚ್ಚರವಾಗಿದ್ದಾರೆಂದು ಊರಿಗೆ ಸಮಾಧಾನ. ಮುಂದೆ ನಿಂತು ಹೇಳಿಕೊಡುವವಳು ಶರಣಮ್ಮ. ಆ ಹುಡುಗಿ ಏಳರ ಮಗ್ಗಿಯ ನಡುವೆ ತಡೆದು ನಿಂತಳು. ನಾನು ಸೋಮಾರಿತನವೆಂದು ಬಗೆದು ಬಿಸಿಲಲ್ಲಿ ನಿಲ್ಲಿಸಿ ಇನ್ನೆರಡು ಮಗ್ಗಿ ಹೆಚ್ಚಿಗೆ ಹೇಳಿಸಿದೆ. ಅವಳು ತಡವರಿಸಿದಷ್ಟೂ ನಾನು ಹೆಚ್ಚಿಸಿದೆ. ಒಂದು ದಿನ ತಲೆ ಹಿಡಿದುಕೊಂಡು ವಾಂತಿ ಮಾಡಿದಳು. ಹಸಿ ಶೇಂಗಾ ತಿಂದದ್ದರ ಮೇಲೆ ತಪ್ಪು ಹಾಕಿದೆವು.

ಸುಮಿತ್ರಾ ಕೆಳಗಿನ ಮೆಟ್ಟಿಲಿಗಿಳಿದು ಹುಡುಗಿಯ ಪಕ್ಕ ಕೂತಳು. "ಮನಿಯಾಗ ಯಾರ್ಯಾರು ಅದೀರಿ?" ಎಂದು ಕೇಳಿ ಸುಮ್ಮನಾದಳು. ಉತ್ತರವನ್ನು ಬಾಯಿಗಿಡಲು ನಾವು ಮೂವರೂ ಹಿರಿಯರು ಮುಂದೆ ಬಾಗಿದೆವು. ಆಕೆ ಕೈಯೆತ್ತಿ ತಡೆದಳು. ಗೆಳೆಯರೆ, ಅಷ್ಟು ಹೊತ್ತು ಒಂದು ಮಗುವಿನ ಮೌನವನ್ನು ಅದರ ಪಾಡಿಗೆ ಬಿಟ್ಟು ನಾನು ಎಂದೂ ಕೂತಿರಲಿಲ್ಲ. ಕಡೆಗೆ, "ಅವ್ವ... ಅಜ್ಜಿ... ತಂಗಿ..." ಎಂದು ಒಂದೊಂದೇ ಬಂತು.

"ಮಾಮಾ, ಕಾಲು ಉಳುಕಿದವಳ್ನ ಓಡಸ್ತೀರೇನು?" ಎಂದಳು ಸುಮಿತ್ರಾ.

"ಯಾಕ ಓಡಸ್ಲಿ?"

"ಇಕಿದು ತಲಿ ಒಳಗ ಉಳುಕ್ಯಾದ. ಮ್ಯಾಲ ಕಾಣಂಗಿಲ್ಲ, ಅಷ್ಟೇ. ಮೊದಲ ದವಾಖಾನಿಗಿ ತೋರಸ್ರಿ. ಆಮ್ಯಾಲ ಅರ್ಧ ದಿನ ಸಾಲಿ. ನೆರಳಾಗ ಕೂಡಸ್ರಿ, ಮಗ್ಗಿ ಬ್ಯಾಡ. ಒಮ್ಮಿಗಿ ಒಂದೇ ಪ್ರಶ್ನಿ ಕೇಳಿ ಕಾಯ್ರಿ. ತಲಿ ನೋಯ್ತದ ಅಂದ್ರ ಅಲ್ಲಿಗೇ ಬಿಡ್ರಿ."

"ಆರಾಮ ಆಗ್ತಾಳೇನವ್ವಾ?" ಎಂದಳು ಕಾಶಮ್ಮ.

"ಭಾಳ ಮಕ್ಕಳು ಆಗ್ತಾವ. ಅವಸರ ಮಾಡಬ್ಯಾಡ್ರಿ."

ಹೆಡ್ ಮಾಸ್ತರರಿಗೆ ಬೇರೆಯದೇ ಚಿಂತೆ: "ಅರ್ಧ ದಿನದ ಹಾಜರಿ ಹ್ಯಾಂಗ ಹಾಕ್ಲಿ?" ಕಾಶಮ್ಮನೇ ಬಗೆಹರಿಸಿದಳು: "ಹ್ಯಾಂಗರ ಹಾಕ್ರಿ. ಹೆಸರು ಇರ್ಲಿ."

ಅಂದಿನ ಸಂಜೆಯಿಂದ ನಾನು ಮಗ್ಗಿಯನ್ನು ಮೆಲುದನಿಗೆ ಇಳಿಸಿದೆ; ಅದು ಚಾವಡಿಗೆ ಕೇಳಲಿಲ್ಲ. ಮಾಸ್ತರರಿಗೆ ನಿದ್ದೆ ಹತ್ತಿದೆಯೆಂದು ಊರು ಆಡಿಕೊಂಡಿತು. ಕಲಿಸುವುದಕ್ಕಿಂತ ಕಾಯುವುದೇ ಕಷ್ಟದ ಕೆಲಸವೆಂದು ನನಗೆ ತಿಳಿದದ್ದು ಆ ದಿನಗಳಲ್ಲಿ. ಯುಗಾದಿ ಕಳೆದ ಮೇಲೆ, ಯಾರೂ ಹೇಳೆನ್ನದೆಯೇ, ಶರಣಮ್ಮ ಕಿಟಕಿಯ ಬಳಿ ಕೂತು ಏಳರ ಮಗ್ಗಿಯನ್ನು ತನಗೆ ತಾನೇ ಹೇಳಿಕೊಂಡಳು.

ಮರುವರ್ಷ ಶರಣಮ್ಮ ಐದನೆಯ ತರಗತಿಗೆ ಹೋಗಿದ್ದಳು, ತಂಗಿ ನನ್ನ ತರಗತಿಗೆ ಬಂದಿದ್ದಳು; ಒಂದು ಬೆಳಿಗ್ಗೆ ಅಕ್ಕನೊಬ್ಬಳೇ ನನ್ನ ಮೇಜಿನ ಹತ್ತಿರ ಬಂದಳು. "ತಂಗಿ ಗ್ವಾಡಿ ಮ್ಯಾಲಿಂದ ಬಿದ್ದಾಳ್ರಿ. ರಕ್ತ ಬಂದಿಲ್ಲ. ಅವ್ವ ದವಾಖಾನಿಗಿ ಕರ್ಕೊಂಡು ಹೋಗ್ಯಾಳ. ಎಂಟು ದಿನ ಸಾಲಿಗಿ ಬರಂಗಿಲ್ಲ" ಎಂದಳು. ನನ್ನ ಅಪ್ಪಣೆಗೆ ಕಾಯದೆ ತನ್ನ ತರಗತಿಗೆ ಹೋಗಿ ತನ್ನ ಜಾಗದಲ್ಲಿ ಕೂತಳು.