ಸಾವಿರದ ಒಂದು ಉಂಡಿಯ ಭಾಗಾಕಾರ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಶಿರಹಟ್ಟಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕನಾಗಿದ್ದೆ. ಆದರೆ ನನ್ನ ವೃತ್ತಿಯ ಅತಿ ಕಠಿಣ ಮೌಖಿಕ ಪರೀಕ್ಷೆ ನಡೆದದ್ದು ಯಳವತ್ತಿಯ ಒಂದು ಪಡಸಾಲೆಯಲ್ಲಿ.

ನಮ್ಮ ವಿಜ್ಞಾನ ಶಿಕ್ಷಕ ಮಹೇಶನ ಮದುವೆ ನಿಶ್ಚಯಕ್ಕೆ ಅಲ್ಲಿಗೆ, ಹುಡುಗಿಯ ಮನೆಗೆ, ಹೋಗಿದ್ದೆವು. ಅವನಿಗೆ ಮೂವತ್ತೆಂಟು. ಮೂರು ಸಂಬಂಧ ಕೈತಪ್ಪಿದ್ದವು. ಇದೂ ತಪ್ಪಿದರೆ ಇನ್ನು ಹೆಣ್ಣು ನೋಡುವುದಿಲ್ಲ ಎಂದು ಬಸ್ಸಿನಲ್ಲಿ ಕಣ್ಣು ತುಂಬಿಕೊಂಡಿದ್ದ. ಪಾಪ, ಹುಡುಗಿ ಸವಿತಾ ಅವನಿಗೆ ಬಹಳ ಹಿಡಿಸಿದ್ದಳು.

ಪದ್ಧತಿಯಂತೆ ಗಂಡಿನವರು ಸಾವಿರದ ಒಂದು ಬೂಂದಿ ಉಂಡಿ ತಂದಿದ್ದರು. ಸಾವಿರವಾದರೆ ಪಾಲಾಗುತ್ತದೆ, ಒಂದು ಸೇರಿಸಿದರೆ ಪಾಲಾಗುವುದಿಲ್ಲ, ಹಾಗೆಯೇ ಸಂಸಾರವೂ ಎಂಬ ನಂಬಿಕೆ. ಸವಿತಾಳ ಅಜ್ಜ ನನ್ನತ್ತ ತಿರುಗಿದರು.

"ಮಾಸ್ತರ, ನೀವು ಗಣಿತದವರು. ಇದು ಪಾಲಾಗೂದಿಲ್ಲ ಅಂತ ಎಲ್ಲಾರ ಮುಂದ ಒಂದು ಮಾತು ಹೇಳಿಬಿಡ್ರಿ."

ಮಹೇಶ ಕಣ್ಣಲ್ಲೇ ಕೈಮುಗಿದ. ಆದರೆ ಕೇಳಿದ್ದು ಗಣಿತ. ಸುಳ್ಳು ಬಾಯಿಗೆ ಬರಲಿಲ್ಲ. "ಏಳರಿಂದ ಹೋಗ್ತದರಿ. ಹನ್ನೊಂದರಿಂದ, ಹದಿಮೂರರಿಂದಲೂ ಹೋಗ್ತದ" ಎಂದೆ.

ಪಡಸಾಲೆಯ ಮೊಬೈಲುಗಳೆಲ್ಲ ಹೊರಬಂದವು. ಏಳನ್ನು ನೂರ ನಲವತ್ತಮೂರರಿಂದ ಗುಣಿಸಿದರೆ ಸಾವಿರದ ಒಂದು. ಅಜ್ಜನ ಮುಖ ಕಪ್ಪಿಟ್ಟಿತು. ನಾನು ಗಡಿಬಿಡಿಯಿಂದ ಸಾವಿರದ ಒಂಬತ್ತು ಸೂಚಿಸಿದೆ. ಅದು ಅವಿಭಾಜ್ಯ ಸಂಖ್ಯೆ: ಒಂದು ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದು. ಮೂವತ್ತೊಂದರವರೆಗಿನ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು ಎಂದರೂ ಅಜ್ಜ ಕೇಳಲಿಲ್ಲ, ನೂರರವರೆಗೆ ಮಾಡಿಸಿದರು. ಆಮೇಲೆ ಒಳಗಿನಿಂದ ಎಂಟು ಉಂಡಿ ಕಟ್ಟಿ ತರಿಸಿ ಎಣಿಸಿದರೆ, ಸಾವಿರದ ಎಂಟು!

ಮಹೇಶನ ಎಡಗೆನ್ನೆ ಉಬ್ಬಿತ್ತು. ಗಾಬರಿಯಾದರೆ ಏನಾದರೂ ಬಾಯಿಗೆ ಹಾಕಿಕೊಳ್ಳುವುದು ಅವನ ಚಟ.

"ಇದು ಯಾತರಿಂದ ಹೋಗ್ತದ್ರಿ ಮಾಸ್ತರ?" ಅಜ್ಜ ಕೇಳಿದರು.

"ಐದು ಬಿಟ್ಟರ, ಎರಡರಿಂದ ಒಂಬತ್ತರ ತನಕ ಎಲ್ಲಾದರಿಂದಲೂ ಹೋಗ್ತದ" ಎಂದು ತಲೆ ತಗ್ಗಿಸಿದೆ.

ಅಜ್ಜ ರುಮಾಲು ಸರಿಮಾಡಿಕೊಂಡು ಎದ್ದರು. "ಎರಡ ಸಲ ಕೆಡ್ತು, ಮತ್ತ ಒಂದು ಸೇರಸೂದು ಬ್ಯಾಡ. ಅಪಶಕುನ ಆತು. ಇನ್ನ ನಡೀರಿ."

ಅಷ್ಟರಲ್ಲಿ ಸವಿತಾ ಬಾಗಿಲಿಗೆ ಬಂದಳು. "ಅಜ್ಜಾ, ನಮ್ಮ ಮನ್ಯಾಗ ಹದಿನಾಲ್ಕ ಮಂದಿ ಅದೇವಿ. ಮಾಸ್ತರ ಹೇಳಿದ ಸಾವಿರದ ಒಂಬತ್ತ ಹಂಚಿದ್ರ ಒಂದು ಉಂಡಿ ಉಳೀತದ. ಆ ಒಂದಕ್ಕ ಹದಿನಾಲ್ಕ ಮಂದಿ ಬಡಿದಾಡ್ತಾರ. ಈ ಸಾವಿರದ ಎಂಟು ನೋಡು, ತಲಿಗೆ ಎಪ್ಪತ್ತೆರಡು, ಯಾರದೂ ತಕರಾರಿಲ್ಲ. ಮನಿ ಒಡೆಯೂದು ಹಂಚಿದ್ದಕ್ಕಲ್ಲ, ಹಂಚಾಕ ಬರದಿದ್ದಕ್ಕ."

ಅಜ್ಜ ರುಮಾಲು ತೆಗೆದು ಪಕ್ಕಕ್ಕಿಟ್ಟರು. ಮತ್ತೆ ಕುಳಿತು, "ಖರೆ ಐತಿ. ತಾಟು ತರ್ರಿ" ಎಂದರು. ಮಹೇಶ ಆಗ ಉಂಡಿ ನುಂಗಿದ.

ಅವಿಭಾಜ್ಯ ಸಂಖ್ಯೆಗಳನ್ನು ನಾನು ವೃತ್ತಿಯುದ್ದಕ್ಕೂ ರಾಜಮನೆತನದವರಂತೆ ಮೆರೆಸಿದ್ದೆ. ಆ ದಿನ ನನಗೆ ನಿಜಕ್ಕೂ ನಾಚಿಕೆಯಾಯಿತು, ಖುಷಿಯೂ ಆಯಿತು. ಮುಂದಿನ ಎರಡು ವರ್ಷ ಭಾಗಾಕಾರದ ಪಾಠದಲ್ಲಿ, ಲೆಕ್ಕ ಬರೆಯುವ ಮೊದಲು ಮಕ್ಕಳಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಊಟಕ್ಕೆ ಕೂತವರು ಎಷ್ಟು ಮಂದಿ?